ಪರಪುಷ್ಟದ ಪತ್ತೆ: ಎಡ್ವಿನ್ ಜಾನ್ ಬಟ್ಲರ್ ಅವರ ಬದುಕು ಮತ್ತು ವರ್ಗೀಕರಣ ಕಾರ್ಯ

ಕೋಗಿಲೆಗೆ ನಮ್ಮ ಪ್ರಾಚೀನ ಕವಿಗಳು ಬಳಸಿರುವ ಹೆಸರುಗಳಲ್ಲಿ ಪರಪುಷ್ಟ, ಪರಭೃತ ಎಂಬ ಎರಡು ತುಂಬ ಅರ್ಥವತ್ತಾದುವು. ಇನ್ನೊಂದರಿಂದ ಪೋಷಣೆ ಪಡೆದುದು ಎಂಬುದೇ ಎರಡರ ಅರ್ಥ. ಕಾಗೆಯ ಗೂಡಿನಲ್ಲಿ ಬೆಳೆಯುವ ಮರಿಯನ್ನು ಕಾಗೆಯದೇ ಮರಿಯೆಂದು ನೋಡುವವರು ಭಾವಿಸಿದರೆ ಆಶ್ಚರ್ಯವಿಲ್ಲ. ಸ್ವತಃ ಕಾಗೆಯೇ ಹಾಗೆ ಭಾವಿಸಿರುತ್ತದೆ. ಇಂಥದೇ ತೊಡಕು ಶಿಲೀಂಧ್ರಗಳ ಲೋಕದಲ್ಲಿಯೂ ಉಂಟು. ಗಿಡಮರಗಳ ಮೇಲೆ ಬೆಳೆಯುವ ಶಿಲೀಂಧ್ರಗಳು ನಮಗೆಲ್ಲ ಗೊತ್ತು. ಆದರೆ ಶಿಲೀಂಧ್ರದ ಮೇಲೆಯೇ, ಅದರ ಒಡಲೊಳಗೇ ಬೆಳೆಯುವ ಬೇರೆ ಶಿಲೀಂಧ್ರಗಳಿವೆ. ಅವುಗಳಲ್ಲಿ ಕೆಲವು ತಾವು ಹೊಕ್ಕ ದೇಹದ ಆಕಾರವನ್ನೇ ತಳೆದು, ಆ ದೇಹದ ಅಂಗವೇ ತಾವೆಂಬಂತೆ ತೋರುತ್ತವೆ. ಯಾವುದು ಮನೆಯವನದು, ಯಾವುದು ಮನೆಹೊಕ್ಕವನದು ಎಂಬುದನ್ನು ಬಿಡಿಸಿ ಹೇಳುವುದೇ ಇವುಗಳ ವರ್ಗೀಕರಣದ ಮೊದಲ ಸಮಸ್ಯೆ, ಹಲವೊಮ್ಮೆ ಕೊನೆಯ ಸಮಸ್ಯೆಯೂ ಹೌದು.

ಭಾರತದ ಸಸ್ಯರೋಗ ವಿಜ್ಞಾನದ ಪಿತಾಮಹರೆಂದು ಹೆಸರಾದ ಸರ್ ಎಡ್ವಿನ್ ಜಾನ್ ಬಟ್ಲರ್ ಅವರನ್ನು ಅಡಕೆಯ ಕೊಳೆರೋಗ, ತೊಗರಿಯ ಸೊರಗುರೋಗ ಮೊದಲಾದವುಗಳ ಪ್ರಸ್ತಾಪ ಬಂದಾಗ ನೆನೆಯುವುದು ವಾಡಿಕೆ. ಅವರು ತಮ್ಮ ಮೊದಲ ದೊಡ್ಡ ಗ್ರಂಥದಲ್ಲಿ ಶಿಲೀಂಧ್ರದೊಳಗಣ ಪರಾವಲಂಬಿಗಳನ್ನು ಗುರುತಿಸಿ ಹೆಸರಿಟ್ಟ ಕೆಲಸ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಮುಂದಿನ ಸಾಧನೆಗಳ ಬೀಜ ಈ ಚಿಕ್ಕ ಕೆಲಸದಲ್ಲಿಯೇ ಇದೆಯೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಎರಡು ಜೀವಿಗಳು ಒಂದರಂತೆ ತೋರುವಲ್ಲಿ ಅವುಗಳನ್ನು ಬೇರ್ಪಡಿಸುವ ಕಣ್ಣು ಬಟ್ಲರ್ ಅವರಿಗೆ ಒದಗಿದ್ದು ಇಲ್ಲಿ.

ಅವರಿಗಿಂತ ಹಿಂದಿನವರ ಕಥೆಯನ್ನು ಸ್ವಲ್ಪ ಹೇಳದೆ ಈ ಮಾತು ಸ್ಪಷ್ಟವಾಗದು. ಬಂಡೆಗಳ ಮೇಲೆಯೂ ಮರದ ತೊಗಟೆಯ ಮೇಲೆಯೂ ಬೆಳೆಯುವ, ನಮ್ಮ ಮಸಾಲೆ ಪುಡಿಗಳಲ್ಲಿ ಸೇರುವ ಕಲ್ಲುಹೂವು ಒಂದೇ ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಗಳ ಕೂಡುಬಾಳು ಎಂಬುದನ್ನು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ೧೮೬೦ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿದರು. ಅದಕ್ಕೂ ಮೊದಲೇ, ೧೮೫೨ರಲ್ಲಿ, ಫ್ರಾನ್ಸಿನ ಲೂಯಿ ರನೆ ತುಲಾನ್ ಕಲ್ಲುಹೂವಿನ ಮೇಲಣ ಕೆಲವು ಕಪ್ಪು ಚುಕ್ಕೆಗಳು ಕಲ್ಲುಹೂವಿನ ಅಂಗಗಳಲ್ಲವೆಂದೂ ಅದರ ಮೇಲೆ ಬದುಕುವ ಬೇರೆ ಶಿಲೀಂಧ್ರಗಳೆಂದೂ ವಿವರಿಸಿದ್ದರು. ಆದರೆ ಅದೇ ತುಲಾನ್ ತಮ್ಮ ಸೋದರನೊಡನೆ ಬೂದಿರೋಗದ ಶಿಲೀಂಧ್ರವನ್ನು ಪರೀಕ್ಷಿಸಿದಾಗ, ಅದರ ಎಳೆಗಳ ಮೇಲೆ ಕಾಣುವ ಪುಟ್ಟ ಕುಡಿಕೆಗಳನ್ನು ಅದರದೇ ಅಂಗಗಳೆಂದು ಎಣಿಸಿದರು. ೧೮೭೦ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಆ ಕುಡಿಕೆಗಳು ಬೂದಿರೋಗದ ಶಿಲೀಂಧ್ರವನ್ನೇ ತಿನ್ನುವ ಇನ್ನೊಂದು ಶಿಲೀಂಧ್ರದವೆಂದು ತೋರಿಸಿಕೊಟ್ಟರು. ನೀರಿನಲ್ಲಿ ಬೆಳೆಯುವ ಬೂಷ್ಟುಗಳ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಪ್ರಿಂಗ್‌ಶೈಮ್‌ರಂಥ ಹಿರಿಯ ವಿದ್ವಾಂಸರು ಬೂಷ್ಟಿನ ಎಳೆಯೊಳಗಿನ ಕೆಲವು ಉಬ್ಬುಗಳನ್ನು ಅದರ ಗಂಡು ಅಂಗಗಳೆಂದು ತಿಳಿದಿದ್ದರು. ೧೮೭೨ರಲ್ಲಿ ಮಾಕ್ಸೀಮ್ ಕೊರ್ನ್ಯು ಅವು ಪರಾವಲಂಬಿಗಳೆಂದು ಬೇರ್ಪಡಿಸಿ, ರೋಜೆಲ್ಲ ಮೊದಲಾದ ಕುಲಗಳನ್ನು ಸ್ಥಾಪಿಸಿದರು. ಬಲ್ಲವರೇ ಮೋಸಹೋದ ಕ್ಷೇತ್ರವಿದು.

ಎಡ್ವಿನ್ ಜಾನ್ ಬಟ್ಲರ್ ೧೮೭೪ರ ಆಗಸ್ಟ್ ೧೩ರಂದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಿಲ್ಕೀ ಎಂಬ ಊರಿನಲ್ಲಿ ಜನಿಸಿದರು. ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಓದಿ ೧೮೯೮ರಲ್ಲಿ ವೈದ್ಯ ಪದವಿ ಪಡೆದರು. ಮನುಷ್ಯರ ರೋಗಕ್ಕೆ ಮದ್ದು ಕೊಡಬೇಕಾದವರು ಗಿಡಗಳ ರೋಗದ ಕಡೆ ಹೊರಳಿದ್ದಕ್ಕೆ ಅದೇ ಕಾಲೇಜಿನ ಪ್ರಾಧ್ಯಾಪಕ ಮಾರ್ಕಸ್ ಹಾರ್ಟಾಗ್ ಕಾರಣರು. ಹಾರ್ಟಾಗ್ ಸಾಪ್ರೊಲೆಗ್ನಿಯ ಎಂಬ ನೀರುಬೂಷ್ಟಿನ ಅಧ್ಯಯನದಲ್ಲಿ ತೊಡಗಿದ್ದವರು. ಗುರುವಿನ ಆಸಕ್ತಿ ಶಿಷ್ಯನಿಗೂ ಹತ್ತಿತು. ವೈದ್ಯ ಪದವಿಯ ಬಳಿಕ ಬಟ್ಲರ್ ಪ್ಯಾರಿಸ್, ಫ್ರೈಬುರ್ಗ್, ಕ್ಯೂ ಮೊದಲಾದ ಕಡೆಗಳಲ್ಲಿದ್ದು ಇಂಥ ಬೂಷ್ಟುಗಳನ್ನೂ, ಮಣ್ಣು ನೀರುಗಳೆರಡರಲ್ಲಿಯೂ ದೊರೆಯುವ ಪಿಥಿಯಮ್ ಎಂಬ ಕುಲವನ್ನೂ ಅಭ್ಯಾಸ ಮಾಡಿದರು. ಅಗೆಯಲ್ಲಿ ಎಳೆಯ ಸಸಿಗಳು ಬುಡ ಕೊಳೆತು ನೆಲಕ್ಕೊರಗುವುದನ್ನು ಕಂಡವರಿಗೆ ಪಿಥಿಯಮ್‌ನ ಹೆಸರು ತಿಳಿಯದಿದ್ದರೂ ಅದರ ಕೆಲಸ ತಿಳಿದಿರುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತ ಸರ್ಕಾರ ಅವರನ್ನು ತನ್ನ ಮೊದಲ ಅಪುಷ್ಪಸಸ್ಯ ವಿಜ್ಞಾನಿಯನ್ನಾಗಿ ನೇಮಿಸಿಕೊಂಡಿತು. ಕಲಕತ್ತೆಯಲ್ಲಿ ಕೆಲಸ ಆರಂಭವಾಗಿ, ೧೯೦೨ರಲ್ಲಿ ಡೆಹರಾಡೂನಿಗೆ ವರ್ಗವಾಯಿತು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದ ನೆರವಿನಿಂದ ಲಾರ್ಡ್ ಕರ್ಜನ್ ಬಿಹಾರದ ಪೂಸಾ ಗ್ರಾಮದಲ್ಲಿ ಕೃಷಿ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದಾಗ, ೧೯೦೫ರಲ್ಲಿ ಬಟ್ಲರ್ ಅಲ್ಲಿನ ಶಿಲೀಂಧ್ರ ವಿಜ್ಞಾನಿಯಾದರು. ಮುಂದಿನ ಸುಮಾರು ಹದಿನೈದು ವರ್ಷ ಪೂಸಾ ಅವರ ಕರ್ಮಭೂಮಿ.

ಪೂಸಾದಿಂದ ಹೊರಟ ಅವರ ಮೊದಲ ಮಹತ್ವದ ಕೃತಿ ೧೯೦೭ರಲ್ಲಿ ಕೃಷಿ ಇಲಾಖೆಯ ಪ್ರಬಂಧಮಾಲೆಯ ಸಸ್ಯವಿಜ್ಞಾನ ಶ್ರೇಣಿಯಲ್ಲಿ ಪ್ರಕಟವಾಯಿತು. ಪಿಥಿಯಮ್ ಕುಲವನ್ನೂ ಕೈಟ್ರಿಡ್ ವರ್ಗದ ಕೆಲವು ಸೂಕ್ಷ್ಮ ಶಿಲೀಂಧ್ರಗಳನ್ನೂ ಕುರಿತ ಪ್ರಬಂಧವದು. ಯೂರೋಪಿನಲ್ಲಿ ಆರಂಭಿಸಿದ ಅಧ್ಯಯನವನ್ನು ಭಾರತದಲ್ಲಿ ಮುಂದುವರಿಸಿ ಅದರಲ್ಲಿ ಒಟ್ಟುಗೂಡಿಸಿದ್ದಾರೆ. ಪಿಥಿಯಮ್‌ನ ಜೊತೆಗೆ ಕೈಟ್ರಿಡ್‌ಗಳು ಏಕೆ ಬಂದುವು ಎಂದರೆ, ಅವುಗಳಲ್ಲಿ ಕೆಲವು ಪಿಥಿಯಮ್‌ನ ಒಡಲಿನಲ್ಲಿಯೇ ವಾಸಿಸುವಂಥವು. ಪಿಥಿಯಮ್‌ನ ಪ್ರಭೇದಗಳನ್ನು ಅವುಗಳ ಬೀಜಕಕೋಶದ ಆಕಾರದಿಂದ ಗುರುತಿಸಬೇಕು. ಒಳಗೆ ಪರಾವಲಂಬಿ ಸೇರಿಕೊಂಡು ಕೋಶವನ್ನು ಉಬ್ಬಿಸಿದ್ದರೆ ಆ ಆಕಾರ ನಂಬತಕ್ಕದ್ದಲ್ಲ. ಉಬ್ಬಿದ ಅತಿಥೇಯವನ್ನು ಹೊಸ ಪ್ರಭೇದವೆಂದು ಎಣಿಸಿದರೆ, ಇಲ್ಲದ ಜೀವಿಯೊಂದಕ್ಕೆ ಹೆಸರಿಟ್ಟಂತಾಗುತ್ತದೆ. ಇರುವ ಜೀವಿಯನ್ನು ಕಾಣದೆ ಬಿಟ್ಟಂತೆಯೂ ಆಗುತ್ತದೆ. ಹೀಗೆ ಮನೆಯ ವರ್ಣನೆ ನೆಟ್ಟಗಾಗಬೇಕಾದರೆ ಮನೆಹೊಕ್ಕವನ ಪರಿಚಯ ಅನಿವಾರ್ಯವಾಯಿತು.

ಈ ಪರಾವಲಂಬಿಗಳ ನಡೆ ವಿಚಿತ್ರವಾದುದು. ಒಂದೇ ಕಶಾಂಗವನ್ನು ಬಾಲದಂತೆ ಹಿಂದೆ ಬೀಸುತ್ತ ಚಲಬೀಜಕ ನೀರಿನಲ್ಲಿ ಈಜಿ ಬಂದು ಅತಿಥೇಯದ ಎಳೆಗೆ ಅಂಟಿಕೊಳ್ಳುತ್ತದೆ. ಸಣ್ಣ ರಂಧ್ರ ಮಾಡಿ ತನ್ನ ಸತ್ತ್ವವನ್ನೆಲ್ಲ ಒಳಕ್ಕೆ ಹರಿಯಬಿಡುತ್ತದೆ. ಒಳಗೆ ಹೋದ ಮೇಲೆ ಅದಕ್ಕೆ ಸ್ವಂತದ ಗೋಡೆಯಿಲ್ಲ. ಅತಿಥೇಯದ ಜೀವರಸದ ನಡುವೆ ಬರಿಯ ಜೀವರಸವಾಗಿ ಬೆಳೆಯುತ್ತದೆ. ಕೊನೆಗೆ ಎಳೆಯ ಒಂದು ಭಾಗವನ್ನು ಪೂರ್ತಿಯಾಗಿ ತುಂಬಿಕೊಂಡು ಬೀಜಕಕೋಶವಾಗುತ್ತದೆ. ಅದರ ತೆಳುಗೋಡೆ ಅತಿಥೇಯದ ಗೋಡೆಗೆ ಒತ್ತಿ ಅಂಟಿರುವುದರಿಂದ ಎರಡನ್ನೂ ಬೇರೆಬೇರೆಯಾಗಿ ಕಾಣುವುದು ಕಷ್ಟ. ಹೊರಗಿನಿಂದ ನೋಡಿದವರಿಗೆ ಅದು ಅತಿಥೇಯದ್ದೇ ಬೀಜಕಕೋಶ. ಬಟ್ಲರ್ ಇಂಥವನ್ನು ಆಗ ಬಳಕೆಯಲ್ಲಿದ್ದ ಪ್ಲಿಯೋಲ್ಪಿಡಿಯಮ್ ಎಂಬ ಕುಲದಲ್ಲಿ ಸೇರಿಸಿ ಹೊಸ ಪ್ರಭೇದಗಳನ್ನು ವರ್ಣಿಸಿದರು. ಒಂದು ಪ್ರಭೇದದ ಹೆಸರು ಉಬ್ಬಿದುದು ಎಂಬರ್ಥದ ಇನ್‌ಫ್ಲೇಟಮ್. ಇನ್ನೊಂದರ ಹೆಸರು ಕುಕ್ಯುಲಸ್. ಲ್ಯಾಟಿನ್ ಭಾಷೆಯಲ್ಲಿ ಇದು ಕೋಗಿಲೆಯ ಬಳಗದ ಹಕ್ಕಿಯ ಹೆಸರು. ಪರಪುಷ್ಟವೆಂದು ಹಕ್ಕಿಗೆ ಹೆಸರಿಟ್ಟ ಕವಿಗೂ, ಪರಾವಲಂಬಿಗೆ ಹಕ್ಕಿಯ ಹೆಸರು ಸಂದ ಈ ಶಾಸ್ತ್ರಕ್ಕೂ ಎಷ್ಟು ಸಮೀಪ!

ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಅಪರಿಚಿತವಲ್ಲ. ಓಲೆಗರಿಯ ಅಂಚಿನಲ್ಲಿ ಯಾರೋ ಬರೆದಿಟ್ಟ ಪದ್ಯ ಮುಂದಿನ ಪ್ರತಿಯಲ್ಲಿ ಕಾವ್ಯದ ಒಳಕ್ಕೆ ಬರುತ್ತದೆ. ಕವಿಯದೇ ಛಂದಸ್ಸು, ಕವಿಯದೇ ಪದಸಂಪತ್ತು ಅದಕ್ಕೆ ಅಂಟಿರುತ್ತದೆ. ಶರಣರ ಅಂಕಿತವನ್ನು ಹೊತ್ತು ಬಂದ ಖೋಟಾ ವಚನಗಳ ಕಥೆಯೂ ಇದೇ. ಪ್ರಕ್ಷೇಪವು ಚೆನ್ನಾಗಿ ಬೆರೆತಷ್ಟೂ ಮೂಲದ ಅಂಗವೆಂದೇ ತೋರುತ್ತದೆ, ಅದನ್ನು ಆಧರಿಸಿ ಕವಿಯ ಕಾಲವನ್ನೋ ಮತವನ್ನೋ ನಿರ್ಣಯಿಸುವವರು ಹುಟ್ಟಿಕೊಳ್ಳುತ್ತಾರೆ. ಸಂಪಾದಕನು ಹಲವು ಪ್ರತಿಗಳನ್ನು ಹೋಲಿಸಿ, ಆ ಭಾಗವಿಲ್ಲದ ಪ್ರತಿಯೊಂದನ್ನು ಹುಡುಕುತ್ತಾನೆ. ಶಿಲೀಂಧ್ರಜ್ಞನಿಗೆ ಇರುವ ಅನುಕೂಲವೆಂದರೆ, ಪರಾವಲಂಬಿಯಿಲ್ಲದ ಶುದ್ಧ ಪ್ರತಿಯನ್ನು ಅವನು ತಾನೇ ಬೆಳೆಸಿಕೊಳ್ಳಬಲ್ಲ. ಅನಂತರ ಅದಕ್ಕೆ ಚಲಬೀಜಕಗಳನ್ನು ಬಿಟ್ಟು, ಪ್ರವೇಶದಿಂದ ಬೀಜಕಕೋಶದವರೆಗೆ ಎಲ್ಲ ಅವಸ್ಥೆಗಳನ್ನೂ ಕಣ್ಣಾರೆ ಕಂಡು ಚಿತ್ರಿಸಬಲ್ಲ. ನಮ್ಮ ಲಿಪಿಕಾರರನ್ನು ಮತ್ತೆ ಕೂರಿಸಿ ಬರೆಸುವ ಭಾಗ್ಯ ನಮಗಿಲ್ಲ.

ಬಟ್ಲರ್ ಅವರ ಸಂಬಳ ಬರುತ್ತಿದ್ದುದು ಇಂಥ ಕುತೂಹಲಗಳಿಗಾಗಿ ಅಲ್ಲ, ರೈತರ ಬೆಳೆಗಳಿಗಾಗಿ. ೧೯೦೬ರಲ್ಲಿ ತಾಳೆಯ ಜಾತಿಯ ಮರಗಳ ರೋಗಗಳನ್ನು ಕುರಿತು ಅವರು ಬರೆದ ಲೇಖನದಲ್ಲಿ ನಮ್ಮ ಅಡಕೆಯ ಕೊಳೆರೋಗವೂ ಸೇರಿದೆ. ಮಳೆಗಾಲದಲ್ಲಿ ಎಳೆಯ ಅಡಕೆ ಕೊಳೆತು ಉದುರುವ ಈ ರೋಗಕ್ಕೆ ಮಲೆನಾಡಿನವರು ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಮಾಡುತ್ತಿದ್ದರು. ಕಾರಣ ತಿಳಿಯದಿದ್ದರೂ ಕಂಡುಕೊಂಡ ಉಪಾಯ ತಕ್ಕುದೇ ಆಗಿತ್ತು, ಏಕೆಂದರೆ ಆ ರೋಗಾಣು ಹರಡುವುದು ನೀರಿನಲ್ಲಿ ಈಜುವ ಚಲಬೀಜಕಗಳಿಂದ. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ವಿವರವಾಗಿ ಅಭ್ಯಸಿಸಿ, ೧೯೧೦ರಲ್ಲಿ ಅದರ ಕಾರಣವನ್ನು ಫೈಟಾಫ್ತೊರ ಕುಲದ ಒಂದು ಉಪಭೇದವೆಂದು ವರ್ಣಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ತೋಟಗಳಿಗೆ ಬಂದುದು ಈ ಕೆಲಸದ ಫಲವಾಗಿ. ಇಲ್ಲಿ ಒಂದು ಮಾತು ಪ್ರಾಸಂಗಿಕ. ೧೮೭೬ರಲ್ಲಿ ಎಂ. ಸಿ. ಕುಕ್ ಮೈಸೂರು ಸೀಮೆಯ ಕಾಫಿ ಗಿಡದ ಇನ್ನೊಂದು ರೋಗದ ಶಿಲೀಂಧ್ರಕ್ಕೆ ಕೊಳೆರೋಗ ಎಂಬ ಕನ್ನಡ ಪದವನ್ನೇ ಪ್ರಭೇದದ ಹೆಸರಾಗಿ ಇಟ್ಟಿದ್ದರು. ೧೯೫೮ರಲ್ಲಿ ಡಚ್ ವಿದ್ವಾಂಸ ಡಾಂಕ್ ಅದನ್ನು ಒಂದು ಕುಲದ ಹೆಸರಾಗಿಯೂ ಬಳಸಿದರು. ಒಂದು ಹೆಸರಿನಡಿ ಎರಡು ಬೆಳೆಗಳ ಎರಡು ಬೇರೆ ರೋಗಗಳು ಇರುವುದು ಕನ್ನಡದಲ್ಲಿ ಅನನುಕೂಲವಾಗಿರಲಿಲ್ಲ. ಶಾಸ್ತ್ರದಲ್ಲಿ ಅವನ್ನು ಬಿಡಿಸಿ ಹೇಳಬೇಕಾಯಿತು.

ಗೋದಾವರಿ ಮುಖಜಭೂಮಿಯಲ್ಲಿ ತಾಳೆಮರಗಳ ಸುಳಿ ಕೊಳೆಯುವ ರೋಗಕ್ಕೆ ಕಾರಣವಾದುದನ್ನು ಬಟ್ಲರ್ ೧೯೦೭ರ ಅದೇ ಪ್ರಬಂಧದಲ್ಲಿ ಪಿಥಿಯಮ್ ಕುಲದ ಹೊಸ ಪ್ರಭೇದವೆಂದು ವರ್ಣಿಸಿದ್ದರು. ಹನ್ನೆರಡು ವರ್ಷಗಳ ಬಳಿಕ, ೧೯೧೯ರಲ್ಲಿ, ಅದು ಫೈಟಾಫ್ತೊರ ಕುಲಕ್ಕೆ ಸೇರಬೇಕಾದುದೆಂದು ತಾವೇ ತಿದ್ದಿ ಅತ್ತ ಒಯ್ದರು. ಫೈಟಾಫ್ತೊರ ಪಾಮಿವೊರ ಎಂಬ ಆ ಹೆಸರು ಇಂದಿಗೂ ತೆಂಗು, ಕೋಕೋ ಬೆಳೆಗಾರರ ನಡುವೆ ಬಳಕೆಯಲ್ಲಿದೆ. ತಾನು ಕಟ್ಟಿದ ಮನೆಯಿಂದ ತಾನೇ ಒಬ್ಬನನ್ನು ಎಬ್ಬಿಸಿ ಪಕ್ಕದ ಮನೆಗೆ ಕಳುಹಿಸುವುದು ವಿದ್ವಾಂಸರಲ್ಲಿ ಅಷ್ಟು ಸಾಮಾನ್ಯವಾದ ಗುಣವಲ್ಲ.

ಅವರ ಬೇರ್ಪಡಿಸುವ ಬುದ್ಧಿಗೆ ಅತ್ಯುತ್ತಮ ನಿದರ್ಶನ ತೊಗರಿಯ ಸೊರಗುರೋಗವನ್ನು ಕುರಿತ ೧೯೧೦ರ ಪ್ರಬಂಧ. ತೊಗರಿಯೆಂದರೆ ನಮಗೆ ಕಲಬುರಗಿ ಜಿಲ್ಲೆ ನೆನಪಾಗುತ್ತದೆ. ಗುಜರಾತಿನ ವಡೋದರಾ, ಭರೂಚ್ ಸೀಮೆಯವರಿಗೆ ತಮ್ಮ ತುವೇರ್. ಹೂಬಿಡುವ ಹೊತ್ತಿಗೆ ಹಸುರಾಗಿದ್ದ ಗಿಡ ನೀರಿದ್ದರೂ ಬಾಡಿ ನಿಲ್ಲುವುದನ್ನು ಈ ಎರಡು ಸೀಮೆಯ ರೈತರೂ ಬಲ್ಲರು. ಸತ್ತ ಗಿಡದ ಬೇರಿನ ಮೇಲೆ ಎರಡು ಬಗೆಯ ಶಿಲೀಂಧ್ರರೂಪಗಳು ಕಾಣುತ್ತಿದ್ದುವು. ಅಮೆರಿಕದ ಪ್ರಖ್ಯಾತ ಸಸ್ಯರೋಗ ವಿಜ್ಞಾನಿ ಎರ್ವಿನ್ ಸ್ಮಿತ್ ಹತ್ತಿ, ಕಲ್ಲಂಗಡಿ, ಅಲಸಂದೆಗಳ ಸೊರಗುರೋಗವನ್ನು ಕುರಿತು ೧೮೯೯ರಲ್ಲಿ ಬರೆಯುತ್ತ, ಇಂಥ ಎರಡು ರೂಪಗಳು ಒಂದೇ ಜೀವಿಯ ಎರಡು ಅವಸ್ಥೆಗಳೆಂದು ಹೇಳಿದ್ದರು. ಅವರ ಮಾತಿಗೆ ತೂಕವಿತ್ತು. ಬಟ್ಲರ್ ಎರಡನ್ನೂ ಬೇರೆಬೇರೆಯಾಗಿ ಬೆಳೆಸಿ ಆರೋಗ್ಯವಂತ ಗಿಡಗಳಿಗೆ ತಗುಲಿಸಿ ನೋಡಿದರು. ಒಂದರಿಂದ ಗಿಡ ಸೊರಗಿತು, ಇನ್ನೊಂದರಿಂದ ಏನೂ ಆಗಲಿಲ್ಲ. ರೋಗ ತರುವುದಕ್ಕೆ ಫ್ಯುಸೇರಿಯಮ್ ಉಡಮ್ ಎಂದು ಹೆಸರಿಟ್ಟರು; ಇನ್ನೊಂದು ಸತ್ತ ಬೇರಿನ ಮೇಲೆ ಬಂದು ಕೂತ ನಿರಪರಾಧಿ ಎಂದು ಸಾರಿದರು. ಇದು ಶಿಲೀಂಧ್ರದ ಮೇಲಣ ಶಿಲೀಂಧ್ರದ ಪ್ರಸಂಗವಲ್ಲ ನಿಜ. ಆದರೆ ಒಟ್ಟಿಗೆ ಇರುವುದರಿಂದಲೇ ಒಂದಾಗಿವೆ ಎಂಬ ತರ್ಕವನ್ನು ಒಪ್ಪದಿರುವ ಕ್ರಮ ಅದೇ. ೧೯೧೩ರಲ್ಲಿ ಬಂಗಾಳದ ಬತ್ತಕ್ಕೆ ಬರುತ್ತಿದ್ದ ಉಫ್ರಾ ಎಂಬ ರೋಗ ಶಿಲೀಂಧ್ರದಿಂದ ಬಂದುದೇ ಅಲ್ಲ, ಕಣ್ಣಿಗೆ ಕಾಣದ ಜಂತುವಿನಿಂದ ಬಂದುದೆಂದು ತೋರಿಸಿದವರೂ ಅವರೇ. ತನ್ನ ಕ್ಷೇತ್ರಕ್ಕೆ ಸೇರದ ಅಪರಾಧಿಯನ್ನು ಗುರುತಿಸಲು ಶಿಲೀಂಧ್ರ ವಿಜ್ಞಾನಿಗೆ ವಿಶೇಷ ಪ್ರಾಮಾಣಿಕತೆ ಬೇಕು.

ಇಷ್ಟೆಲ್ಲದರ ನಡುವೆ ನೀರುಬೂಷ್ಟುಗಳ ಹಳೆಯ ಮೋಹ ಅವರನ್ನು ಬಿಟ್ಟಿರಲಿಲ್ಲ. ೧೯೧೧ರಲ್ಲಿ ಭಾರತದಲ್ಲಿ ದೊರೆತ ಒಂದು ಹೊಸ ನೀರುಶಿಲೀಂಧ್ರವನ್ನು ವರ್ಣಿಸಿ, ಅದಕ್ಕೆಂದೇ ಅಲೊಮೈಸಿಸ್ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಗ್ರೀಕ್ ಮೂಲದ ಈ ಪದಕ್ಕೆ ಅನ್ಯ ಶಿಲೀಂಧ್ರ ಎಂದು ಅರ್ಥ ಹೇಳಬಹುದು. ಪುಟ್ಟ ಮರದಂತೆ ಕವಲೊಡೆಯುವ ಇದರ ಪ್ರಭೇದಕ್ಕೆ ಆರ್ಬಸ್ಕುಲ ಎಂದು ಹೆಸರಾಯಿತು. ಯಾವ ಬೆಳೆಗೂ ರೋಗ ತರದ, ಯಾರಿಗೂ ಲಾಭ ನಷ್ಟವಿಲ್ಲದ ಈ ಜೀವಿಯ ಮೇಲೆ ಅವರು ಸಮಯ ವ್ಯಯಿಸಿದ್ದನ್ನು ಆಗಿನ ಅಧಿಕಾರಿಗಳು ಹೇಗೆ ಕಂಡರೋ! ಶಿಲೀಂಧ್ರಗಳಲ್ಲಿಯೂ ಪೀಳಿಗೆಗಳ ಪರ್ಯಾಯ ಉಂಟೆಂಬುದು ತಿಳಿದದ್ದು ಮುಂದೆ ಇದೇ ಕುಲದ ಅಧ್ಯಯನದಿಂದ.

ಬಟ್ಲರ್ ಪೂಸಾದಲ್ಲಿ ಒಂದು ಶಿಲೀಂಧ್ರ ಸಂಗ್ರಹಾಲಯವನ್ನು ಕಟ್ಟಿದರು. ದೇಶದ ನಾನಾ ಕಡೆಗಳಿಂದ ಬಂದ ಮಾದರಿಗಳನ್ನು ಒಣಗಿಸಿ, ಲಕೋಟೆಗಳಲ್ಲಿಟ್ಟು, ಸ್ಥಳ ಕಾಲಗಳನ್ನು ಬರೆದಿಟ್ಟರು. ಬರ್ಲಿನ್ನಿನ ಸೈಡೊ ಅವರೊಡನೆ ಕೂಡಿ ೧೯೦೬ರಿಂದ ೧೯೧೬ರವರೆಗೆ ಭಾರತದ ಶಿಲೀಂಧ್ರಗಳ ವರ್ಣನೆಗಳನ್ನು ಪ್ರಕಟಿಸಿದರು. ಇವರ ಕೆಲಸ ವಸಾಹತು ಆಡಳಿತದ ಚೌಕಟ್ಟಿನಲ್ಲಿ ನಡೆದುದು, ಗ್ರಂಥಗಳ ಓದುಗರಲ್ಲಿ ತೋಟಗಳ ಆಂಗ್ಲ ಮಾಲೀಕರೂ ಇದ್ದರು ಎಂಬುದನ್ನು ಮರೆಯಲಾಗದು. ಕೊಟ್ಟೆ ಕಟ್ಟಿದ ಕೈಗಳ ಅನುಭವ ಆ ಪುಟಗಳಲ್ಲಿ ಸ್ಥಳೀಯ ಪದ್ಧತಿ ಎಂಬ ಒಂದು ಸಾಲಿಗೆ ಇಳಿಯುವುದುಂಟು. ಅದರೊಂದಿಗೇ ಹೇಳಬೇಕಾದ ಇನ್ನೊಂದು ಮಾತೆಂದರೆ, ಅವರ ಪ್ರಯೋಗಶಾಲೆ ಭಾರತೀಯರಿಗೆ ಬಾಗಿಲು ಮುಚ್ಚಿರಲಿಲ್ಲ. ಅಲ್ಲಿ ಪಳಗಿದ ಜಹಾಂಗೀರ್ ಫರ್ದೂನ್‌ಜಿ ದಸ್ತೂರ್ ೧೯೧೩ರಲ್ಲಿ ಹರಳುಗಿಡದ ರೋಗಕಾರಕವನ್ನು ಫೈಟಾಫ್ತೊರ ಪ್ಯಾರಸಿಟಿಕ ಎಂದು ತಮ್ಮದೇ ಹೆಸರಿನಲ್ಲಿ ವರ್ಣಿಸಿ ಲೋಕಮಾನ್ಯರಾದರು.

೧೯೧೮ರಲ್ಲಿ ಕಲಕತ್ತೆಯಲ್ಲಿ ಅಚ್ಚಾದ ಶಿಲೀಂಧ್ರಗಳು ಮತ್ತು ಸಸ್ಯರೋಗಗಳನ್ನು ಕುರಿತ ಅವರ ಮಹಾಗ್ರಂಥ ಭಾರತದ ಬೆಳೆರೋಗಗಳಿಗೆ ಮೊದಲ ಸಮಗ್ರ ಪಠ್ಯವಾಯಿತು. ೧೯೨೦ರಲ್ಲಿ ಅವರು ಕ್ಯೂನಲ್ಲಿ ಹೊಸದಾಗಿ ಆರಂಭವಾದ ಶಿಲೀಂಧ್ರ ವಿಜ್ಞಾನ ಕೇಂದ್ರದ ಮೊದಲ ನಿರ್ದೇಶಕರಾದರು. ೧೯೨೬ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. ೧೯೩೧ರಲ್ಲಿ ಬಿಸ್ಬಿಯವರೊಡನೆ ಭಾರತದ ಶಿಲೀಂಧ್ರಗಳ ಸಮಗ್ರ ಪಟ್ಟಿಯನ್ನು ಹೊರತಂದರು. ೧೯೩೫ರಲ್ಲಿ ಕೇಂದ್ರದಿಂದ ನಿವೃತ್ತರಾದ ಮೇಲೆ ಬ್ರಿಟನ್ನಿನ ಕೃಷಿ ಸಂಶೋಧನ ಮಂಡಳಿಯ ಕಾರ್ಯದರ್ಶಿಯಾಗಿ ೧೯೪೧ರವರೆಗೆ ದುಡಿದರು. ೧೯೩೯ರಲ್ಲಿ ಸರ್ ಪದವಿ ಸಂದಿತು. ೧೯೪೩ರ ಏಪ್ರಿಲ್ ೪ರಂದು ತೀರಿಕೊಂಡರು. ಪೂಸಾದ ಸಂಗ್ರಹಾಲಯ ೧೯೩೪ರ ಬಿಹಾರ ಭೂಕಂಪದ ಬಳಿಕ ಸಂಸ್ಥೆಯೊಡನೆ ದೆಹಲಿಗೆ ಬಂದಿತು.

ಅವರ ಪರಪುಷ್ಟಗಳ ಮುಂದಿನ ಗತಿ ಅವರು ಊಹಿಸಲಾಗದಂಥದು. ೧೯೩೮ರಲ್ಲಿ ಅಮೆರಿಕದ ಸ್ಪ್ಯಾರೊ ಕುಕ್ಯುಲಸ್ಸನ್ನು ಕೊರ್ನ್ಯು ಸ್ಥಾಪಿಸಿದ ರೋಜೆಲ್ಲ ಕುಲಕ್ಕೆ ಸೇರಿಸಿದರು. ಅದರ ಹಿಂದಿನ ವರ್ಷವೇ ಬಟ್ಲರ್ ಅವರ ಅಲೊಮೈಸಿಸ್ಸಿನ ಒಡಲಲ್ಲಿ ವಾಸಿಸುವ ಹೊಸ ಪರಾವಲಂಬಿಯೊಂದನ್ನು ಫೌಸ್ಟ್ ಎಂಬ ಸಂಶೋಧಕರು ವರ್ಣಿಸಿ, ಅದಕ್ಕೆ ರೋಜೆಲ್ಲ ಅಲೊಮೈಸಿಸ್ ಎಂದು ಹೆಸರಿಟ್ಟಿದ್ದರು. ೨೦೦೬ರಲ್ಲಿ ಶಿಲೀಂಧ್ರಗಳ ವಂಶವೃಕ್ಷವನ್ನು ವಂಶವಾಹಿಗಳ ಆಧಾರದಿಂದ ರಚಿಸಿದಾಗ, ಈ ರೋಜೆಲ್ಲ ಆ ವೃಕ್ಷದ ಬುಡದಲ್ಲಿಯೇ, ಮೊತ್ತಮೊದಲು ಕವಲೊಡೆದ ಕೊಂಬೆಯಾಗಿ ಕಾಣಿಸಿತು. ೨೦೧೧ರಲ್ಲಿ ಇದರ ಬಂಧುಗಳಾದ ಅಸಂಖ್ಯ ಅಜ್ಞಾತ ಜೀವಿಗಳು ಕೆರೆ ಸಮುದ್ರಗಳಲ್ಲಿ ಇವೆಯೆಂದು ತಿಳಿದುಬಂದಿತು. ೨೦೧೩ರಲ್ಲಿ ಇದರ ಸಂಪೂರ್ಣ ವಂಶವಾಹಿ ಪಾಠ ಪ್ರಕಟವಾಯಿತು. ಕಲ್ಲುಹೂವಿನ ಮೇಲಣ ಶಿಲೀಂಧ್ರಗಳ ಲೆಕ್ಕವೂ ಬೆಳೆದಿದೆ. ೨೦೧೮ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅಂಥವು ೨೦೦೦ ಇವೆ. ಶಿಲೀಂಧ್ರವನ್ನು ತಿನ್ನುವ ಶಿಲೀಂಧ್ರವಾದ ಟ್ರೈಕೋಡರ್ಮ ಇಂದು ನಮ್ಮ ಮೆಣಸು, ಅಡಕೆಯ ತೋಟಗಳಿಗೆ ಪೊಟ್ಟಣಗಳಲ್ಲಿ ಬರುತ್ತಿದೆ. ಯಾವ ಪ್ರಭೇದ ಎಂಬುದನ್ನು ತಪ್ಪಿದರೆ ಪೊಟ್ಟಣದ ಬೆಲೆ ವ್ಯರ್ಥ.

ವಿಧಿವಿಲಾಸವೆಂಬಂತೆ ಬಟ್ಲರ್ ಅವರ ಅತಿಥೇಯವೇ ಮನೆಯಿಂದ ಹೊರಬಿದ್ದಿದೆ. ಪಿಥಿಯಮ್, ಫೈಟಾಫ್ತೊರಗಳನ್ನು ಈಗ ಶಿಲೀಂಧ್ರಗಳೆಂದು ಎಣಿಸುವುದಿಲ್ಲ. ಕಂದುಬಣ್ಣದ ಕಡಲಪಾಚಿಗಳಿಗೆ ಹತ್ತಿರವಾದ ಬೇರೆಯೇ ವಂಶಕ್ಕೆ ಅವನ್ನು ಸೇರಿಸಿದ್ದಾರೆ. ಶಿಲೀಂಧ್ರವೆಂದು ನಂಬಿದ್ದ ಮನೆಯವನು ಶಿಲೀಂಧ್ರವಲ್ಲ. ಗೋಡೆಯೂ ಇಲ್ಲದೆ ಅವನೊಳಗೆ ಅಡಗಿದ್ದವನೇ ಶಿಲೀಂಧ್ರಗಳ ಅತ್ಯಂತ ಹಳೆಯ ಕವಲಿನ ಕುಡಿ. ಆ ಕುಕ್ಯುಲಸ್ಸಿನ ಪೂರ್ಣ ಹೆಸರು ಬರೆಯುವಾಗ ನಾಮಕರಣದ ನಿಯಮದಂತೆ ಮೊದಲು ವರ್ಣಿಸಿದವರ ಹೆಸರನ್ನು ಆವರಣದಲ್ಲಿ ಇಡಬೇಕು. ಸ್ಪ್ಯಾರೊ ಅವರ ಹೆಸರಿಗೆ ಮುಂಚೆ, ಆವರಣದೊಳಗೆ, ಬಟ್ಲರ್ ಎಂದಿರುತ್ತದೆ.